ಗಾಡಿಯಲ್ಲಿ ಕೊನೆಗೆ ಕೂತವರು

ಜೂನ್ 25, ಬುಧವಾರ, ಅಮಾವಾಸ್ಯೆ

ಗಾಡಿ ಸ್ಟಾರ್ಟ್ ಆಗಲಿಲ್ಲ.

ಬೆಳಿಗ್ಗೆ ತೊಳೆದು, ಅರಿಶಿನ ಕುಂಕುಮ ಇಟ್ಟು, ನಾಲ್ಕೂ ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟಾಗಿತ್ತು. ಅಮ್ಮ ಕರ್ಪೂರ ಹಚ್ಚಿ ನಿಂತಿದ್ದಳು. ಗಾಡಿಯನ್ನು ಒಂದು ಮಾರು ಮುಂದಕ್ಕೆ ಸರಿಸಿ ನಿಂಬೆಹಣ್ಣು ಒಡೆಸಬೇಕು, ಅಷ್ಟೇ. ಸ್ವಂತ ಅಂಗಳದಲ್ಲಿ ಒಂದು ಮಾರು ಸರಿಸುವುದಕ್ಕೆ ಯಾವ ಡಾಕ್ಟರ ಅಪ್ಪಣೆಯೂ ಬೇಕಿಲ್ಲ ಎಂದು ನಾನೇ ಕೂತೆ. ಕೀ ತಿರುಗಿಸಿದರೆ ಟಕ್ ಟಕ್ ಟಕ್. ಕರ್ಪೂರ ಉರಿದು ಆರಿತು. ನಿಂಬೆಹಣ್ಣು ಹಾಗೇ ಉಳಿಯಿತು.

"ಇದ್ಯಾಕೋ ಒಳ್ಳೇದಲ್ಲ ಕಣಪ್ಪ," ಎಂದಳು ಅಮ್ಮ.

"ಬ್ಯಾಟರಿ ಅಮ್ಮ. ಶಕುನ ಅಲ್ಲ."

ಈ ತಿಂಗಳು ನೆಟ್ಟಗೆ ಆದದ್ದು ಒಂದೂ ಇಲ್ಲ. ಮೊದಲ ವಾರ ಅರಕಲಗೂಡಿಗೆ ಸರ್ವೆಗೆ ಹೋಗಿದ್ದವನು ಟೀ ಅಂಗಡಿ ಮುಂದೆ ಬಿದ್ದೆ. ಫಿಟ್ಸ್. ನಲವತ್ತೊಂಬತ್ತು ವರ್ಷದಲ್ಲಿ ಮೊದಲ ಸಲ. ಎಚ್ಚರವಾದಾಗ ಬಲಗೈ ಮುಷ್ಟಿಯಲ್ಲಿ ನನ್ನ ಗಾಡಿ ಕೀ ಇತ್ತು. ಫಿಟ್ಸ್ ಬಂದವರ ಕೈಗೆ ಕಬ್ಬಿಣ ಕೊಡಬೇಕೆಂದು ಯಾರೋ ನನ್ನ ಜೇಬಿನಿಂದಲೇ ತೆಗೆದು ಹಿಡಿಸಿದ್ದರು. ಹಾಸನದ ನರರೋಗದ ಡಾಕ್ಟರು ಸ್ಕ್ಯಾನ್ ನೋಡಿ, ಮಾತ್ರೆ ಬರೆದು, ಆರು ತಿಂಗಳು ಸ್ಟೀರಿಂಗ್ ಮುಟ್ಟಬೇಡಿ ಎಂದರು. ಬಿದ್ದಾಗ ಕೈಗೆ ಕೀ ಕೊಟ್ಟರು, ಎದ್ದ ಮೇಲೆ ಕಿತ್ತುಕೊಂಡರು.

ನನ್ನ ಅನ್ನ ಇರುವುದೇ ಗಾಡಿಯಲ್ಲಿ. ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ, ಈ ನಾಲ್ಕು ತಾಲ್ಲೂಕಿನಲ್ಲಿ ಯಾವ ವಾಹನ ಗುದ್ದಿದರೂ ವಿಮಾ ಕಂಪನಿ ಫೋನ್ ಮಾಡುವುದು ನನಗೆ. ಸ್ಥಳಕ್ಕೆ ಹೋಗಿ ಕಣ್ಣಾರೆ ನೋಡದೆ ವರದಿ ಬರೆಯುವಂತಿಲ್ಲ. ಡ್ರೈವರ್ ಇಟ್ಟುಕೊಳ್ಳಿ ಎಂದು ಬಂದವರೆಲ್ಲ ಬುದ್ಧಿ ಹೇಳುತ್ತಾರೆ. ಇಪ್ಪತ್ತು ವರ್ಷ ಡ್ರೈವರುಗಳ ಹೇಳಿಕೆ ಬರೆದುಕೊಂಡವನು ನಾನು. ಒಬ್ಬನನ್ನೂ ನಂಬುವುದಿಲ್ಲ.

ನಮ್ಮ ಹೊಳೆನರಸೀಪುರದ ಬಸ್ ನಿಲ್ದಾಣದ ಹತ್ತಿರದ ಆಟೋ ಎಲೆಕ್ಟ್ರಿಷಿಯನ್ ಪಾಪಯ್ಯ ಬಂದು ಬಾನೆಟ್ ಎತ್ತಿದ. "ಸತ್ತೋಗದೆ ಸಾ. ನಾಕ್ ವರ್ಸ ದುಡೀತಲ್ಲ, ಪುಣ್ಯಾತ್ಮ. ಕೈ ಮುಕ್ಕೊಂಡು ಕಳ್ಸ್‌ಬುಡಿ," ಎಂದ. ಅವನಿಗೆ ಎಲ್ಲವೂ ತಮಾಷೆ.

ಹೆಂಡತಿ ಶಿವಲೀಲಾ ಶಾಲೆಗೆ ಹೊರಟಿದ್ದಳು. ಬಾಗೂರು ಹೈಸ್ಕೂಲಿನಲ್ಲಿ ವಿಜ್ಞಾನ ಹೇಳುವವಳು, ಚನ್ನರಾಯಪಟ್ಟಣದಲ್ಲಿ ಬಸ್ ಬದಲಿಸಿ ಹೋಗಬೇಕು. ಚಪ್ಪಲಿ ಹಾಕಿಕೊಳ್ಳುತ್ತ, "ಸುಮ್ನೆ ನಿಲ್ಲಿಸಿದ್ರೆ ಹೊಸದು ಹಾಕಿದ್ರೂ ಹಾಳಾಗುತ್ತೆ ರೀ. ವಾರಕ್ಕೆ ಎರಡು ಸಲನಾದ್ರೂ ರೋಡಲ್ಲಿ ಓಡಬೇಕು," ಎಂದಳು.

"ಯಾರು ಓಡಿಸೋದು? ನಿಮ್ಮಪ್ಪನಾ?"

ಏನೋ ಹೇಳಲು ಬಾಯಿ ತೆರೆದವಳು ಬಸ್ಸಿಗೆ ಹೊತ್ತಾಯಿತೆಂದು ಹೋದಳು.

ಜೂನ್ 28, ಶನಿವಾರ

ಹಳೆಯ ಬ್ಯಾಟರಿಯನ್ನು ಗೋಣಿಚೀಲದಲ್ಲಿ ಕಟ್ಟಿಕೊಂಡು ಬಸ್ಸಿನಲ್ಲಿ ಹಾಸನಕ್ಕೆ ಹೋದೆ. ಹಳೆಯದನ್ನು ಕೊಟ್ಟರೆ ಹೊಸದರಲ್ಲಿ ಮುರಿದುಕೊಳ್ಳುತ್ತಾರೆ. ಕಂಡಕ್ಟರ್ ಅದನ್ನು ಕಾಲಿನಿಂದ ಮುಟ್ಟಿ ನೋಡಿ ಲಗೇಜ್ ಟಿಕೆಟ್ ಹರಿದ. ಸೀಟಿನಲ್ಲಿ ಕೂತ ನನಗೂ ಕಾಲ ಬುಡದ ಸತ್ತ ಬ್ಯಾಟರಿಗೂ ತಲಾ ಒಂದು ಟಿಕೆಟ್.

ಮೂರು ಅಂಗಡಿ ಸುತ್ತಿದೆ. ಬ್ಯಾಟರಿ ಕೊಳ್ಳುವುದು ಕಷ್ಟವಲ್ಲ, ನೋಡುವುದನ್ನು ನೋಡಬೇಕು. ತಟ್ಟೆಯಲ್ಲಿ ಕೂರುವ ಅಳತೆ. ಪ್ಲಸ್ ಟರ್ಮಿನಲ್ ಬಲಕ್ಕಿದೆಯೋ ಎಡಕ್ಕಿದೆಯೋ. ಅದು ತಿರುವುಮುರುವಾದರೆ ವೈರು ಎಟುಕುವುದಿಲ್ಲ. ಡೀಸೆಲ್ ಎಂಜಿನ್ನಾದ್ದರಿಂದ ಚಳಿಯ ಬೆಳಿಗ್ಗೆ ತಿರುಗಿಸುವ ಶಕ್ತಿ ಎಷ್ಟು. ವಾರಂಟಿಯಲ್ಲಿ ಪೂರ್ತಿ ಬದಲಿಸಿ ಕೊಡುವ ಅವಧಿ ಎಷ್ಟು, ಬರೀ ರಿಯಾಯಿತಿಯ ಅವಧಿ ಎಷ್ಟು. ಎಲ್ಲಕ್ಕಿಂತ ಮೊದಲು, ತಯಾರಾದ ತಿಂಗಳು. ರ್‍ಯಾಕಿನಲ್ಲಿ ಕೂತ ಬ್ಯಾಟರಿ ಕೂತಲ್ಲೇ ಮುದಿಯಾಗುತ್ತದೆ.

ಮೊದಲ ಅಂಗಡಿಯವನು ತಾರೀಖಿನ ಮೇಲೆ ಬೆಲೆಚೀಟಿ ಅಂಟಿಸಿದ್ದ. ಉಗುರಿನಿಂದ ಕಿತ್ತೆ. ಎಂಟು ತಿಂಗಳ ಹಳೆಯದು. ಎದ್ದು ಬಂದೆ. ಎರಡನೆಯವನು ಹೊಂದದ ಅಳತೆಯದನ್ನು ತಂದು "ಆಗ್ತದೆ ಬಿಡಿ ಸಾ, ದಾರ ಕಟ್ಟುದ್ರಾಯ್ತು" ಎಂದ. ಅಲುಗಾಡುವ ಬ್ಯಾಟರಿಯಿಂದ ಸುಟ್ಟ ಗಾಡಿಗಳ ಫೋಟೋ ನನ್ನ ಫೋನಿನಲ್ಲಿಯೇ ಇವೆ. ತೋರಿಸಿದೆ. ನೋಡಲಿಲ್ಲ.

ಮೂರನೆಯವನು ಅನಿಲ್‌ಕುಮಾರ್. ಮೂವತ್ತರ ಆಸುಪಾಸು. ಎದುರಿಗಿದ್ದ ಮೂರೂ ಬ್ಯಾಟರಿಯ ತಾರೀಖು ನಾನು ಒಂದೊಂದಾಗಿ ಓದುವುದನ್ನು ನೋಡುತ್ತ ನಿಂತಿದ್ದ.

"ಏನ್ ಸಾ, ಬ್ಯಾಟರಿಗೂ ಜಾತಕ ನೋಡ್ತೀರಾ?"

"ಹುಟ್ಟಿದ ತಾರೀಖು ಮುಚ್ಚಿಡೋರು ಇದ್ರೆ ನೋಡಲೇಬೇಕಲ್ಲಪ್ಪ."

ಗೋಡೌನಿನಿಂದ ಕಳೆದ ತಿಂಗಳು ತಯಾರಾದದ್ದನ್ನು ತರಿಸಿದ. ಮೀಟರ್ ಹಿಡಿದು ತೋರಿಸಿದ. ವಾರಂಟಿ ಕಾರ್ಡಿಗೆ ಮೊಹರು ಹಾಕಿದ. "ದಿನಾ ಓಡಾಡೋ ಗಾಡಿನಾ ಸಾ?" ಎಂದು ಕೇಳಿದ. "ಹೂಂ" ಎಂದೆ. ಅವನಿಗೇಕೆ ನನ್ನ ಕಥೆ.

ಬಸ್ಸಿನಲ್ಲಿ ಹೊಸದನ್ನು ಓರೆಯಾಗದಂತೆ ಎರಡು ಕಾಲಿನ ನಡುವೆ ಹಿಡಿದುಕೊಂಡು ಬಂದೆ. ಮತ್ತೆ ಲಗೇಜ್ ಟಿಕೆಟ್. ಪಾಪಯ್ಯ ಸಂಜೆ ಬಂದು ಕೂರಿಸಿದ. ಒಂದೇ ತಿರುವಿಗೆ ಎಂಜಿನ್ ಗುಡುಗಿತು. ಅವನು ಹೋದ ಮೇಲೆ ಆಫ್ ಮಾಡಿ, ಗಾಡಿಯಲ್ಲೇ ಕೂತು ರೇಡಿಯೊದಲ್ಲಿ ವಾರ್ತೆ ಕೇಳಿದೆ.

ಜುಲೈ 6, ಭಾನುವಾರ

ನೋಡಿಕೊಂಡು ಹೋಗಲು ಬರುವವರ ಕಾಟ. ಒಂದು ಪ್ಯಾಕೆಟ್ ಬ್ರೆಡ್ಡು, ಒಂದು ಚಿಪ್ಪು ಬಾಳೆಹಣ್ಣು, ಜೊತೆಗೆ ಫಿಟ್ಸ್ ಬಂದ ಇನ್ನೊಬ್ಬರ ಕಥೆ. ಇಂದು ಬಂದವರು ಸಾಲಗಾಮೆ ಕಡೆಯ ಅಮ್ಮನ ದಾಯಾದಿಗಳು. ಬಾವಿಕಟ್ಟೆ ಮೇಲೆ ಫಿಟ್ಸ್ ಬಂದು ಒಳಕ್ಕೇ ಬಿದ್ದವನ ಕಥೆಯನ್ನು ನನ್ನ ಮುಂದೆಯೇ, ನಾನು ಕಾಫಿ ಕುಡಿಯುವಾಗ, ವಿವರವಾಗಿ ಹೇಳಿದರು. "ಬೀಗದ ಕೈ ಯಾವಾಗ್ಲೂ ಕೈಲಿರ್ಲಿ ಕಣ್ಲಾ," ಎಂದು ಅಮ್ಮ ಅವರೆದುರಿಗೆ ಇನ್ನೊಮ್ಮೆ ಹೇಳಿದಳು. ಎದ್ದು ಶೆಡ್ಡಿಗೆ ಹೋಗಿ ಗಾಡಿಯಲ್ಲಿ ಕೂತೆ. ಸೆಕೆ. ಕೀ ತಿರುಗಿಸಿ ಫ್ಯಾನು ಎರಡಕ್ಕಿಟ್ಟು ರೇಡಿಯೊ ಹಾಕಿದೆ. ಅವರ ಸ್ಕೂಟರ್ ಹೊರಟ ಸದ್ದು ಕೇಳುವವರೆಗೂ ಇಳಿಯಲಿಲ್ಲ. ಗಾಡಿ ಓಡಿಸಬಾರದು ಎಂದರೆ ಕೂರಬಾರದು ಎಂದಲ್ಲ.

ಬ್ಯಾಟರಿಯ ಪಾಲನೆಯಲ್ಲಿ ಒಂದು ಲೋಪವಿಲ್ಲ. ಟರ್ಮಿನಲ್ಲಿಗೆ ವ್ಯಾಸಲೀನ್ ಸವರಿದ್ದೇನೆ. ಕ್ಲ್ಯಾಂಪ್ ಬಿಗಿ ಇದೆ. ಬೆಳಿಗ್ಗೆ ಪೂಜೆಯಾದ ಮೇಲೆ ಎರಡು ನಿಮಿಷ ಸ್ಟಾರ್ಟ್ ಮಾಡಿ ಆಫ್ ಮಾಡುತ್ತೇನೆ.

ಅರಕಲಗೂಡಿನ ಒಂದು ಸ್ಪಾಟ್ ಸರ್ವೆ ಬಂದಿತ್ತು. ಬಸ್ಸು ಹಿಡಿದು ನಾನು ಹೋಗುವ ಹೊತ್ತಿಗೆ ಲಾರಿಯನ್ನು ಎಳೆದುಬಿಟ್ಟಿದ್ದರು. ಸಕಲೇಶಪುರದ ಸರ್ವೇಯರಿಗೆ ಕೊಟ್ಟೆವು ಎಂದು ಕಂಪನಿಯಿಂದ ಫೋನ್. ಸ್ಥಳಕ್ಕೆ ಹೊತ್ತಿಗೆ ಸರಿಯಾಗಿ ಬರಲಾಗದಿದ್ದರೆ ಪಟ್ಟಿಯಲ್ಲಿ ಹೆಸರು ಇಡುವುದು ಕಷ್ಟವಂತೆ. "ಬೇಜಾರ್ ಮಾಡ್ಕೋಬೇಡಿ ನಟರಾಜ್" ಅಂತೆ.

ಜುಲೈ 12, ಶನಿವಾರ

ಬಾಕಿ ವರದಿ ಕೊಡಲು ಹಾಸನಕ್ಕೆ ಹೋಗಿದ್ದೆ. ಕಂಪನಿಯ ಆಫೀಸಿನಲ್ಲಿ ಕುರ್ಚಿ ಎಳೆದು ಕೊಟ್ಟರು. ಹಿಂದೆಂದೂ ಕೊಟ್ಟಿರಲಿಲ್ಲ. ಅದೇ ಹೆಚ್ಚು ಉರಿಯಿತು.

ಬೆಳಿಗ್ಗೆ ಸ್ಟಾರ್ಟ್ ಆಗುವಾಗ ಗಾಡಿ ಸ್ವಲ್ಪ ಎಳೆದಾಡಿತು. ಸಂಜೆ ಬಂದು ಕೂತರೆ ಮಂಡಿ ಸ್ಟೀರಿಂಗಿಗೆ ತಗುಲಿತು. ಸೀಟು ಮುಂದೆ ಬಂದಿದೆ. ಅಮ್ಮ ಗುಡಿಸುವಾಗ ಸೀಟಿನ ಕೆಳಗಿನ ಹಿಡಿ ಎಳೆದಿರಬೇಕು. ಹಿಂದಕ್ಕೆ ತಳ್ಳಿ, ಒಂಬತ್ತರವರೆಗೆ ಅಲ್ಲೇ ಇದ್ದೆ. ಅಮ್ಮ ಕಿಟಕಿಗೆ ಬಂದು, "ಗಾಡಿಗೇ ಆಸ್ಗೆ ಆಸ್ಕೊಡ್ಲೇನ್ಲಾ?" ಎಂದಳು.

ಜುಲೈ 16, ಬುಧವಾರ

ಸತ್ತಿದೆ. ಮೂರು ವಾರವಾಗಿಲ್ಲ.

ಅನಿಲ್‌ಕುಮಾರನಿಗೆ ಫೋನ್ ಮಾಡಿ ಬಾಯಿಗೆ ಬಂದದ್ದು ಬೈದೆ. ಅವನು ಎಲ್ಲ ಕೇಳಿಸಿಕೊಂಡು, "ಗಾಡಿ ಓಡ್ಸ್ತಿದ್ದೀರಾ ಸಾ?" ಎಂದ.

"ಅದು ನಿನಗೆ ಸಂಬಂಧ ಇಲ್ಲ. ನೀನು ಮಾರಿದ್ದು ಕೊಳೆತ ಮಾಲು."

"ತಗೊಂಬನ್ನಿ ಸಾ, ಟೆಸ್ಟ್ ಮಾಡಾನ. ಸುಮ್ನೆ ಯಾಕೆ ಬಿಪಿ?"

ಬಿಪಿಯಂತೆ. ನನಗೆ ಬಿಪಿ ಇಲ್ಲ. ಅದೊಂದಿಲ್ಲ.

ಜುಲೈ 18, ಶುಕ್ರವಾರ

ಮತ್ತೆ ಬಸ್ಸು, ಮತ್ತೆ ಚೀಲ, ಅದೇ ಕಂಡಕ್ಟರ್. "ಏನ್ ಸಾ, ಇವ್ರಿಗೆ ಪಾಸ್ ಮಾಡಿಸ್ಬುಡಿ," ಎಂದು ಬ್ಯಾಟರಿಗೆ ಕೈ ತೋರಿಸಿದ. ಹಿಂದಿನ ಸೀಟಿನವರೆಲ್ಲ ನಕ್ಕರು.

ಅಂಗಡಿಯಲ್ಲಿ ನಿನ್ನೆಯಿಂದಲೇ ಬ್ಯಾಟರಿ ಚಾರ್ಜಿಗೆ ಇಟ್ಟವರ ಸಾಲೇ ಇತ್ತು. ಮಧ್ಯಾಹ್ನದವರೆಗೆ ಕಾದೆ. ಚಾರ್ಜಾದ ಮೇಲೆ ಲೋಡ್ ಹಾಕಿ ಟೆಸ್ಟ್ ಮಾಡಿ, "ಕಲ್ಲಿದ್ದಂಗದೆ ಸಾ, ಏನೂ ಆಗಿಲ್ಲ," ಎಂದ ಅನಿಲ್‌ಕುಮಾರ್. ನನಗೂ ಮೀಟರ್ ಓದಲು ಬರುತ್ತದೆ. ಸಂಖ್ಯೆ ಸರಿಯಾಗಿತ್ತು. ಸರಿಯಾಗಿದ್ದದ್ದಕ್ಕೇ ಇನ್ನೂ ಸಿಟ್ಟು ಬಂತು. ಬದಲಿಸಿ ಕೊಡು ಎಂದೆ. ಕೆಟ್ಟಿಲ್ಲದ್ದನ್ನು ಕಂಪನಿ ಬದಲಿಸುವುದಿಲ್ಲ ಎಂದ. ಗ್ರಾಹಕರ ನ್ಯಾಯಾಲಯಕ್ಕೆ ಹೋಗುತ್ತೇನೆ ಎಂದು ಗಿರಾಕಿಗಳ ಮುಂದೆಯೇ ಕೂಗಿದೆ. ಬ್ಯಾಟರಿ ಕೊಳ್ಳಲು ಬಂದಿದ್ದ ಗಂಡಹೆಂಡತಿ ಎದ್ದು ಹೋದರು. ಅವನ ಮುಖ ಸಣ್ಣದಾಯಿತು. ಆಗಲಿ.

ಮನೆಗೆ ಬಂದು ಪಾಪಯ್ಯನ ಕೈಲಿ ಮತ್ತೆ ಕೂರಿಸಿದೆ. ಎಲ್ಲಾದರೂ ಕರೆಂಟು ಸೋರುತ್ತಿದೆಯೇ ನೋಡು ಎಂದೆ. ಒಂದೊಂದೇ ಫ್ಯೂಸು ಕಿತ್ತು ನೋಡಿದ.

"ಗಡಿಯಾರ ಬುಟ್ರೆ ಏನೂ ಎಳೀತಾ ಇಲ್ಲ ಸಾ. ರಾತ್ರಿ ಏನಾರಾ ಆನ್ ಬುಟ್ಟಿರ್ತೀರಾ?"

"ಇಳಿಯೋವಾಗ ಎಲ್ಲಾ ಆಫ್ ಮಾಡಿಯೇ ಇಳಿಯೋದು. ನಾನೇನು ಮಗುನಾ?"

"ಅಂಗಾರೆ ಯಾರೋ ನಿಮ್ಗೆ ಗೊತ್ತಿಲ್ದಂಗೆ ಯೂಸ್ ಮಾಡ್ತಾವ್ರೆ."

ಇಷ್ಟು ದಿನದಲ್ಲಿ ಅವನು ಆಡಿದ ಒಂದೇ ಬುದ್ಧಿವಂತಿಕೆಯ ಮಾತು. ಬ್ಯಾಟರಿ ಸರಿ ಇದೆ, ವೈರು ಸರಿ ಇದೆ, ಆದರೂ ಖಾಲಿಯಾಗುತ್ತಿದೆ. ಸರ್ವೆಯಲ್ಲಿ ನನ್ನದೊಂದು ನಿಯಮ: ಗಾಡಿಯಲ್ಲಿ ಕೊನೆಗೆ ಕೂತವರು ಯಾರು? ಅದನ್ನು ಮೊದಲು ಕೇಳಬೇಕು. ಮಿಕ್ಕದ್ದೆಲ್ಲ ಆಮೇಲೆ.

ಜುಲೈ 20, ಭಾನುವಾರ

ಸಿಕ್ಕಿತು.

ಅಂದು ಸೀಟು ಮುಂದೆ ಬಂದಿತ್ತಲ್ಲ, ಅದು ತಲೆಯಲ್ಲಿ ಕೊರೆಯುತ್ತಿತ್ತು. ಅಮ್ಮನನ್ನು ಕೇಳಿದೆ. ಗಾಡಿಯೊಳಗೆ ಗುಡಿಸಿದೆಯಾ? ಇಲ್ಲವಂತೆ. ಹತ್ತಿದ್ದೆಯಾ? ತಲೆ ತಗ್ಗಿಸಿ ಅಲಸಂದೆಕಾಯಿ ಬಿಡಿಸಿದಳು. ಸುಳ್ಳು ಹೇಳುವ ಸಾಕ್ಷಿಗಳನ್ನು ಎಷ್ಟು ನೋಡಿಲ್ಲ ನಾನು. ಇನ್ನೊಂದು ಸಲ ಕೇಳಿದ್ದಕ್ಕೆ, "ಅತ್ತಿದ್ದೆ ಕಣ್ಲಾ! ಅಳ್ಳಿ ಮೈಸೂರು ರೋಡಗಂಟ ಓಗ್ಬಂದೋ. ಏನೀಗ? ಗಾಳಿ ಎಷ್ಟ್ ಚೆನ್ನಾಗಿತ್ತು ಗೊತ್ತಾ? ಅವ್ಳು ನಿನ್ನಂಗೆ ಧಡಬಡ ಅಂತ ಓಡ್ಸಲ್ಲ," ಎಂದಳು.

ಓಡಿಸಿದವಳು ಶಿವಲೀಲಾ.

ಬೇಸಿಗೆ ರಜೆಯಲ್ಲಿ ಪೇಪರ್ ತಿದ್ದುವ ಕೆಲಸವೆಂದು ಚನ್ನರಾಯಪಟ್ಟಣಕ್ಕೆ ಹೋಗುತ್ತಿದ್ದವಳು ಅಲ್ಲಿ ಡ್ರೈವಿಂಗ್ ಸ್ಕೂಲಿಗೆ ಸೇರಿದ್ದಾಳೆ. ಮೇ ತಿಂಗಳಲ್ಲೇ ಲೈಸೆನ್ಸ್ ಬಂದಿದೆ. ಅಂದರೆ ನಾನು ಬೀಳುವುದಕ್ಕೂ ಮೊದಲೇ. ಹನ್ನೆರಡನೇ ತಾರೀಖು ನಾನು ಹಾಸನದಲ್ಲಿದ್ದಾಗ ಬೀರುವಿನ ಇನ್ನೊಂದು ಕೀ ತೆಗೆದುಕೊಂಡು, ಅತ್ತೆಯನ್ನು ಕೂರಿಸಿಕೊಂಡು ಮೆರವಣಿಗೆ.

"ನನಗೆ ಹೇಳಬೇಕು ಅಂತ ಅನ್ನಿಸಲಿಲ್ವಾ?"

"ಹತ್ತು ವರ್ಷದಿಂದ ಕಲಿಸಿ ಅಂತ ಹೇಳ್ತಾನೇ ಇದ್ದೆ. ದೊಡ್ಡ ಗಾಡಿ, ನಿನ್ನ ಕೈಲಾಗಲ್ಲ ಅಂದ್ರಿ. ಲೈಸೆನ್ಸ್ ತೋರಿಸೋಣ ಅಂತ ಇದ್ದೆ, ಅಷ್ಟರಲ್ಲಿ ನೀವು ಬಿದ್ರಿ. ಆಮೇಲೆ ತೋರಿಸಿದ್ರೆ ಹೇಗನ್ಸುತ್ತೆ ನಿಮಗೆ?"

"ಬ್ಯಾಟರಿ ಸಾಯಿಸಿದವಳು ನೀನು. ನಾನು ಆ ಅಂಗಡಿಯವನ ಮಾನ ಕಳೆದು ಬಂದೆ."

"ಓಡಿಸಿದ್ರೆ ಬ್ಯಾಟರಿ ತುಂಬುತ್ತೆ ರೀ, ಖಾಲಿಯಾಗಲ್ಲ. ಎಂಟನೇ ಕ್ಲಾಸಿನ ಮಕ್ಕಳಿಗೂ ಗೊತ್ತು. ನಿಮ್ಮನ್ನ ಸರ್ವೆಗೆ ನಾನೇ ಕರ್ಕೊಂಡು ಹೋಗಬಹುದು ಅಂತ ಕೈ ಕೂರಿಸಿಕೊಳ್ಳೋಕೆ ಹೋಗಿದ್ದು."

ಹೆಂಡತಿಯ ಪಕ್ಕ ಕೂತು ಸರ್ವೆಗೆ ಹೋಗಬೇಕಂತೆ. ನಾಲ್ಕು ತಾಲ್ಲೂಕಿನ ಗ್ಯಾರೇಜಿನವರು ನೋಡಬೇಕಂತೆ. ಆ ಕೀ ಇಲ್ಲಿ ಕೊಡು ಎಂದೆ. ತಂದು ಅಂಗೈ ಮೇಲಿಟ್ಟಳು.

"ಎರಡೂ ನೀವೇ ಇಟ್ಕೊಳ್ಳಿ. ಬಿದ್ದಾಗ ಕೈಯಲ್ಲಿ ಇರಬೇಕಲ್ಲ."

ಇಪ್ಪತ್ತೊಂದು ವರ್ಷದಲ್ಲಿ ಅವಳು ಇಂಥ ಮಾತು ಆಡಿರಲಿಲ್ಲ.

ಕಾರಣ ಸಿಕ್ಕಿದ ಮೇಲೆ ಸಿಟ್ಟು ಇಳಿಯಬೇಕಿತ್ತು. ಇಳಿದಿಲ್ಲ.

ಜುಲೈ 22, ಮಂಗಳವಾರ

ಮಾತಿಲ್ಲ. ತಟ್ಟೆಗೆ ಬಡಿಸಿ ಹೋಗುತ್ತಾಳೆ. ಮಾತ್ರೆಯನ್ನು ಲೋಟದ ಪಕ್ಕ ಇಡುತ್ತಾಳೆ, ತಗೊಳ್ಳಿ ಎನ್ನುವುದಿಲ್ಲ.

ಮನೆಯಲ್ಲಿ ಕೂರಲಾಗದೆ ನಾಲ್ಕು ಗಂಟೆಗೇ ಗಾಡಿಗೆ ಹೋದೆ. ಎರಡೂ ಕೀ ಜೇಬಿನಲ್ಲಿ. ಫ್ಯಾನು, ರೇಡಿಯೊ. ಕೃಷಿರಂಗ, ಚಿತ್ರಗೀತೆ, ವಾರ್ತೆ, ಎಲ್ಲ ಮುಗಿಯುವವರೆಗೂ ಕೂತೆ. ಬೆಳಿಗ್ಗೆ ಸ್ಟಾರ್ಟ್ ಮತ್ತೆ ಎಳೆದಾಡಿತ್ತು. ಹಾಳಾದ ಅನಿಲ್‌ಕುಮಾರ್.

ಜುಲೈ 24, ಗುರುವಾರ, ಭೀಮನ ಅಮಾವಾಸ್ಯೆ

ಇದನ್ನು ಕ್ರಮವಾಗಿ ಬರೆಯುತ್ತೇನೆ.

ಬೆಳಿಗ್ಗೆ ಗಾಡಿ ಪೂಜೆ. ನಿಂಬೆಹಣ್ಣು ಇಟ್ಟಾಯಿತು, ಅಮ್ಮ ಕರ್ಪೂರ ಹಚ್ಚಿದಳು. ಟಕ್ ಕೂಡ ಇಲ್ಲ. ಡ್ಯಾಶ್‌ಬೋರ್ಡಿನ ದೀಪ ಮಿಣಕ್ ಎಂದು ಆರಿತು.

ಬಾಯಿ ತೆರೆದೆ. ಯಾರನ್ನು ಬೈಯಬೇಕೋ ಅವಳು ರಂಗೋಲಿ ಪುಡಿಯ ಬಟ್ಟಲು ಹಿಡಿದು ಬಾಗಿಲಲ್ಲಿ ನಿಂತಿದ್ದಳು. ಹಬ್ಬಕ್ಕೆ ರಜೆ ಹಾಕಿದ್ದಳು. ನಾಲ್ಕು ದಿನದ ಮೇಲೆ ಮೊದಲ ಸಲ ಮಾತಾಡಿದಳು.

"ಎರಡೂ ಕೀ ನಿಮ್ಮ ಹತ್ರಾನೇ ಇತ್ತಲ್ಲ."

ಅಷ್ಟೇ ಹೇಳಿ ಒಳಗೆ ಹೋದಳು.

ಪಾಪಯ್ಯನಿಗೆ ಫೋನ್ ಮಾಡಿದೆ. ಅವನು ಬರುವವರೆಗೆ ಬಾನೆಟ್ ಎತ್ತಿ ಸುಮ್ಮನೆ ನಿಂತಿದ್ದೆ. ವರದಿ ಬರೆಯುವಂತೆ ಮನಸ್ಸಿನಲ್ಲೇ ಬರೆದೆ. ವಾಹನ: ಬಿಳಿ ಎಸ್‌ಯುವಿ, ಶೆಡ್ಡಿನಲ್ಲಿ ನಿಂತದ್ದು. ಬ್ಯಾಟರಿ: ಉತ್ತಮ. ವೈರಿಂಗ್: ಉತ್ತಮ. ಕೀ: ಎರಡೂ ಮಾಲೀಕರ ವಶ. ವಾಹನದಲ್ಲಿ ಕೊನೆಗೆ ಕೂತವರು: ಮಾಲೀಕರು. ಅದಕ್ಕಿಂತ ಹಿಂದೆ ಕೂತವರು: ಮಾಲೀಕರು. ಎಂಜಿನ್ ಆಫ್ ಇರುವಾಗ ಫ್ಯಾನು, ರೇಡಿಯೊ, ಡ್ಯಾಶ್ ದೀಪ ಸೇರಿ ಎಳೆಯುವುದನ್ನು ಕೂತ ಹೊತ್ತಿಗೆ ಗುಣಿಸಿದೆ. ಈ ವಾರ ಕೂತಷ್ಟು ಹೊತ್ತು ದಿನಾ ಕೂತರೆ ಬ್ಯಾಟರಿ ಆರನೇ ಸಂಜೆ ಖಾಲಿಯಾಗಲೇಬೇಕು. ಬೆಳಗಿನ ಎರಡು ನಿಮಿಷ? ಒಂದು ಸ್ಟಾರ್ಟಿಗೆ ತಿಂದದ್ದೂ ಅಷ್ಟರಲ್ಲಿ ತುಂಬುವುದಿಲ್ಲ. ಹನ್ನೆರಡನೇ ತಾರೀಖು ಹಳ್ಳಿ ಮೈಸೂರು ರಸ್ತೆಯಲ್ಲಿ ಓಡಿದ್ದರಿಂದಲೇ ಅದು ಹದಿನಾರರವರೆಗೆ ಬದುಕಿತ್ತು.

ಕ್ಲೇಮು ತಿರಸ್ಕೃತ.

ಆಗಲೇ ಕಂಪನಿಯ ಫೋನ್ ಬಂತು. ನುಗ್ಗೇಹಳ್ಳಿ ಹತ್ತಿರ ಕೊಬ್ಬರಿ ತುಂಬಿದ ಪಿಕಪ್ ಮೋರಿ ಕಟ್ಟೆಗೆ ಗುದ್ದಿದೆ. ಸಕಲೇಶಪುರದವನು ಊರಲ್ಲಿಲ್ಲ. ಮಧ್ಯಾಹ್ನದೊಳಗೆ ಪಿಕಪ್ ಎಳೆಯುತ್ತಾರೆ. "ಆಗುತ್ತಾ ನಟರಾಜ್? ಆಗಲ್ಲ ಅಂದ್ರೆ ಈಗ್ಲೇ ಹೇಳಿ, ಇನ್ನು ಮೇಲೆ ಬೇರೆ ವ್ಯವಸ್ಥೆ ಮಾಡ್ಕೊತೀವಿ."

"ಬರ್ತೀನಿ" ಎಂದು ಇಟ್ಟುಬಿಟ್ಟೆ. ಹೇಗೆ ಎಂದು ಅವರೂ ಕೇಳಲಿಲ್ಲ, ನಾನೂ ಕೇಳಿಕೊಳ್ಳಲಿಲ್ಲ.

ಒಳಗೆ ಅಮ್ಮ ಕೂಗಿದಳು. ಭೀಮನ ಅಮಾವಾಸ್ಯೆಯ ಪಾದಪೂಜೆ. ಪಂಚೆ ಉಟ್ಟು ಮಣೆಯ ಮೇಲೆ ಕೂತೆ. ಶಿವಲೀಲಾ ಪಾದ ತೊಳೆದಳು, ಅರಿಶಿನ ಹಚ್ಚಿದಳು, ಹೂವಿಟ್ಟಳು. ಒಂದು ಸಲವೂ ತಲೆ ಎತ್ತಲಿಲ್ಲ. ಲ್ಯಾಬಿನಲ್ಲಿ ಮಕ್ಕಳಿಗೆ ಪ್ರಯೋಗ ತೋರಿಸುವಂತೆ ಅಚ್ಚುಕಟ್ಟಾಗಿ ಮುಗಿಸಿದಳು. ಎದ್ದು ತಟ್ಟೆ ಹಿಡಿದು ನಿಂತಳು. ಗಂಡ ತಟ್ಟೆಗೆ ಏನಾದರೂ ಹಾಕಬೇಕು. ಪಂಚೆಗೆ ಜೇಬಿಲ್ಲ. ಕೈಯಲ್ಲಿದ್ದದ್ದು ಎರಡು ಕೀ ಮಾತ್ರ. ಒಂದನ್ನು ಹಾಕಿದೆ.

"ದುಡ್ಡಾಕು ಅಂದ್ರೆ ಬೀಗದ ಕೈ ಆಕ್ತಾನೆ, ನೋಡು ಇವ್ನಾ!" ಎಂದಳು ಅಮ್ಮ.

"ನುಗ್ಗೇಹಳ್ಳಿಗೆ ಹೋಗಬೇಕು. ಬ್ಯಾಟರಿಗೂ ದೂರ ಓಡಿದಂಗಾಗುತ್ತೆ," ಎಂದೆ.

ಶಿವಲೀಲಾ ಕೀಗೂ ಒಂದು ಚಿಟಿಕೆ ಕುಂಕುಮ ಇಟ್ಟಳು. "ಸೀರೆ ಬದಲಿಸ್ಕೊಂಡು ಬರ್ತೀನಿ," ಎಂದಳು.

ಪಾಪಯ್ಯ ತನ್ನ ಬ್ಯಾಟರಿಯಿಂದ ವೈರು ಕೊಟ್ಟು ಎಬ್ಬಿಸಿದ. ನಿಂಬೆಹಣ್ಣು ಒಡೆಯಿತು. "ಮೇಡಂ, ಊರು ಮುಟ್ಟೋಗಂಟ ಆಫ್ ಮಾಡ್ಬೇಡಿ, ಆಫಾದ್ರೆ ನಿಮ್ ಯಜಮಾನ್ರು ತಳ್ಬೇಕಾಯ್ತದೆ," ಎಂದ.

ಹೊಳೆನರಸೀಪುರ ದಾಟುವವರೆಗೆ ಸುಮ್ಮನಿದ್ದೆ. ಆಮೇಲೆ ಆಗಲಿಲ್ಲ. ಕ್ಲಚ್ ಮೇಲೆ ಕಾಲಿಟ್ಟೇ ಓಡಿಸುತ್ತಾಳೆ. ಮೂರನೇ ಗೇರಿನಲ್ಲೇ ಒದ್ದಾಡುತ್ತಾಳೆ. ಎದುರಿಗೆ ಟ್ರ್ಯಾಕ್ಟರ್ ಬಂದರೆ ನನ್ನ ಕಾಲು ಇಲ್ಲದ ಬ್ರೇಕನ್ನು ತುಳಿಯುತ್ತದೆ. ಚನ್ನರಾಯಪಟ್ಟಣದ ಮೊದಲು ಒಂದು ತಿರುವಿನಲ್ಲಿ ಜೋರಾಗಿಯೇ ಕೂಗಿದೆ. ಅವಳು ರಸ್ತೆ ಬದಿಗೆ ತಂದು ನಿಲ್ಲಿಸಿ ಕೀಗೆ ಕೈ ಹಾಕಿದಳು.

"ಆಫ್ ಮಾಡ್ಬೇಡ!"

"ಹಾಗಾದ್ರೆ ನೀವು ಬಾಯಿ ಆಫ್ ಮಾಡ್ಕೊಳ್ಳಿ."

ಆಫ್ ಮಾಡಿಕೊಂಡೆ. ಬೇರೆ ದಾರಿ ಇರಲಿಲ್ಲ. ಗಾಡಿ ತಳ್ಳುವ ವಯಸ್ಸಲ್ಲ.

ಹೊತ್ತಿಗೆ ಸರಿಯಾಗಿ ಮುಟ್ಟಿದೆವು. ಪಿಕಪ್ ಇನ್ನೂ ಮೋರಿಯಲ್ಲೇ ಇತ್ತು. ರಸ್ತೆ ತುಂಬ ಕೊಬ್ಬರಿ. ಚಕ್ರದ ಗುರುತು ಅಳೆದೆ, ಫೋಟೋ ತೆಗೆದೆ. ಡ್ರೈವರು ತಾನಲ್ಲ ಓಡಿಸಿದ್ದು, ಬ್ರೇಕು ಕೆಟ್ಟಿತ್ತು, ಎಮ್ಮೆ ಅಡ್ಡ ಬಂತು ಎಂದು ಮೂರು ಥರ ಹೇಳಿದ. ಎಂದಿನಂತೆ ಕೇಳಲೇಬೇಕಾಯಿತು: "ಗಾಡಿಯಲ್ಲಿ ಕೊನೆಗೆ ಕೂತಿದ್ದವರು ಯಾರು?"

ಶಿವಲೀಲಾ ಪಕ್ಕದಲ್ಲೇ ನಿಂತಿದ್ದಳು. ಥಟ್ಟನೆ ಮುಖ ಆ ಕಡೆ ತಿರುಗಿಸಿ ತೆಂಗಿನ ತೋಟ ನೋಡಿದಳು. ಭುಜ ಅಲುಗಿತು. ಕೆಮ್ಮಿದ್ದಿರಬಹುದು.

ವಾಪಸ್ ಬರುವಾಗ ಒಂದೇ ತಿರುವಿಗೆ ಸ್ಟಾರ್ಟ್ ಆಯಿತು.

ಆಗಸ್ಟ್ 3, ಭಾನುವಾರ

ಹಾಸನಕ್ಕೆ ಹೋಗಿದ್ದೆವು. ಒಂದು ಟ್ರಾನ್ಸಿಸ್ಟರ್ ರೇಡಿಯೊ ತಂದೆ. ಜಗಲಿಯಲ್ಲಿ ಸಿಗ್ನಲ್ ಶೆಡ್ಡಿಗಿಂತ ಚೆನ್ನಾಗಿ ಸಿಗುತ್ತದೆ, ಅದಕ್ಕೆ.

ಅನಿಲ್‌ಕುಮಾರನ ಅಂಗಡಿ ದಾರಿಯಲ್ಲೇ ಇತ್ತು. ಶಿವಲೀಲಾ ಕೇಳದೆಯೇ ಅದರ ಮುಂದೆ ನಿಲ್ಲಿಸಿದಳು. ಇಳಿಯಬೇಕಾಯಿತು.

"ಬ್ಯಾಟರಿ ಎಂಗದೆ ಸಾ?"

"ಕೆಲಸ ಮಾಡ್ತಾ ಇದೆ."

"ಏನಾಗಿತ್ತು?"

"ರೇಡಿಯೊ."

ಅವನು ನಗಬಹುದು ಎಂದು ಕಾದೆ, ನಕ್ಕರೆ ಎರಡು ಮಾತು ಹೇಳಬಹುದಿತ್ತು. ನಗಲಿಲ್ಲ. ಟೀ ತರಿಸಿದ. ಕುಡಿದೆ. ಪರಿಚಯದ ಇಬ್ಬರು ಲಾರಿ ಮಾಲೀಕರಿಗೆ ಅವನ ನಂಬರ್ ಕೊಟ್ಟಿದ್ದೇನೆ, ತಾರೀಖು ಮುಚ್ಚಿ ಮಾರುವವನಲ್ಲ ಎಂಬ ಕಾರಣಕ್ಕೆ ಮಾತ್ರ.

ಅಕ್ಟೋಬರ್ 1, ಬುಧವಾರ, ಆಯುಧಪೂಜೆ

ಟರ್ಮಿನಲ್ ಬಿಚ್ಚಿ, ಬಿಸಿನೀರು ಸುರಿದು, ಬ್ರಷ್ ಹಾಕಿ ತೊಳೆದು ಒರೆಸಿ ಮತ್ತೆ ಬಿಗಿದೆ. ಮೀಟರಿನಲ್ಲಿ 12.6 ವೋಲ್ಟ್. ದಿನಾ ಬಾಗೂರಿಗೆ ಹೋಗಿಬರುವ ಗಾಡಿಗೆ ಅಷ್ಟಿರಬೇಕು.

ಶಿವಲೀಲಾಗೆ ಹೇಳಿ ಹೇಳಿ ಬಾಯಿ ನೋಯುತ್ತಿದೆ. ಎಂಜಿನ್ ಆಫ್ ಮಾಡುವ ಮೊದಲು ಲೈಟು, ಎಸಿ ಆರಿಸಬೇಕು. ಸ್ಟಾರ್ಟ್ ಮಾಡುವಾಗ ಕ್ಲಚ್ ತುಳಿದರೆ ಬ್ಯಾಟರಿಗೆ ಭಾರ ಕಡಿಮೆ. "ಗೊತ್ತು ರೀ" ಎನ್ನುತ್ತಾಳೆ. ಮಾಡುವುದಿಲ್ಲ. ಶನಿವಾರ, ಭಾನುವಾರ ಇಬ್ಬರೂ ಸರ್ವೆಗೆ ಹೋಗುತ್ತೇವೆ, ಮಿಕ್ಕ ದಿನ ಸಂಜೆ ಅವಳು ಶಾಲೆಯಿಂದ ಬಂದ ಮೇಲೆ. ಅರಕಲಗೂಡಿನ ಗ್ಯಾರೇಜಿನವರು ಈಗ ಮೊದಲು ಅವಳಿಗೆ ನಮಸ್ಕಾರ ಹೇಳುತ್ತಾರೆ. ಸೌಜನ್ಯ ಹಾಳಾಗಿದೆ.

ಡಿಸೆಂಬರ್ 6, ಶನಿವಾರ

ಹಾಸನ. ಡಾಕ್ಟರು ಕಾಗದವೆಲ್ಲ ನೋಡಿ, "ಇನ್ನು ಓಡಿಸಬಹುದು ನಟರಾಜ್. ಮಾತ್ರೆ ಮಾತ್ರ ಬಿಡಬೇಡಿ," ಎಂದರು.

ಕೆಳಗೆ ಬಂದಾಗ ಶಿವಲೀಲಾ ಕೀ ಚಾಚಿ ನಿಂತಿದ್ದಳು. ಅವಳ ಮುಖದಲ್ಲಿ ಏನೂ ಇರಲಿಲ್ಲ, ಅಥವಾ ಇತ್ತು, ನನಗೆ ಓದಲು ಬರಲಿಲ್ಲ. ಬಲಗಡೆಯ ಬಾಗಿಲು ತೆಗೆದು ಕೂತೆ. ಮಂಡಿ ಸ್ಟೀರಿಂಗಿಗೆ ಬಡಿಯಿತು. ಕನ್ನಡಿಯಲ್ಲಿ ಹಿಂದಿನ ರಸ್ತೆಯ ಬದಲು ನನ್ನ ಹಣೆ ಕಂಡಿತು. ಸೀಟಿನ ಕೆಳಗಿನ ಹಿಡಿಗೆ ಕೈ ಹಾಕಿದೆ.

ಸೋಮವಾರ ಅವಳು ಬಾಗೂರಿಗೆ ಹೋಗಬೇಕು. ಬೆಳಿಗ್ಗೆ ಅವಸರದಲ್ಲಿ ಮತ್ತೆ ಸೀಟು, ಮತ್ತೆ ಕನ್ನಡಿ. ಪದೇ ಪದೇ ಎಳೆದರೆ ಆ ಹಳಿ ಸವೆಯುತ್ತದೆ. ಮೇಲಾಗಿ ಶನಿವಾರ ಸಂಜೆಯ ಹಾಸನದ ಟ್ರಾಫಿಕ್. ಇಳಿದು, ಮುಂದಿನಿಂದ ಸುತ್ತಿ ಬಂದು ಎಡಗಡೆ ಹತ್ತಿದೆ.

"ಯಾಕ್ರೀ, ಮರೆತೋಯ್ತಾ?"

"ಮಾತು ಬಿಟ್ಟು ಕ್ಲಚ್ ನೋಡು."

ದಾರಿಯುದ್ದಕ್ಕೂ ಕ್ಲಚ್ ಮೇಲೇ ಕಾಲು. ಮನೆ ಮುಟ್ಟಿದ ಮೇಲೆ ಎಂದಿನಂತೆ ಲೈಟು ಆರಿಸದೆ ಎಂಜಿನ್ ಆಫ್ ಮಾಡಿ ಒಳಗೆ ಹೋದಳು. ನಾನೇ ಬಗ್ಗಿ ಆರಿಸಿ, ಬಾಗಿಲು ಹಾಕಿ ಬಂದೆ. ಸೀಟು ಮುಟ್ಟಿಲ್ಲ.